ಬಿಸಿನೀರಿನ ಸರದಿ

ನಮ್ಮ ಮನೆಯಲ್ಲಿ ಬಿಸಿನೀರಿಗೆ ಸರದಿ ಇತ್ತು. ಮೊದಲು ಅಪ್ಪ, ಆಮೇಲೆ ನಾನು, ಕೊನೆಗೆ ಅವ್ವ. ಅಪ್ಪ ಸ್ನಾನ ಮುಗಿಸಿ ಹೊರಬಂದಾಗ ಬಚ್ಚಲಿನ ಕನ್ನಡಿಯ ಮೇಲೆ ಹಬೆ ಕೂತಿರುತ್ತಿತ್ತು. ನನ್ನ ಸ್ನಾನ ಆಗುವ ಹೊತ್ತಿಗೆ ಕನ್ನಡಿಯಲ್ಲಿ ಮುಖ ಕಾಣುತ್ತಿತ್ತು. ಅವ್ವ ಒಳಗೆ ಹೋದ ಮೇಲೆ ನಳದಲ್ಲಿ ಬರುತ್ತಿದ್ದುದನ್ನು ಬಿಸಿನೀರು ಎಂದು ಕರೆಯುವವರು ಜಗತ್ತಿನಲ್ಲಿ ಅಪ್ಪ ಒಬ್ಬರೇ. ನಾನೋ ಅವ್ವನೋ ಒಳಗಿದ್ದಾಗ ಅವರು ಬಾಗಿಲ ಹೊರಗೆ ನಿಂತು ನೀರು ಬೀಳುವ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಇಷ್ಟಾದರೆ ಸಾಕು ಎಂದು ಅವರಿಗೆ ಅನಿಸಿದ ಕ್ಷಣ ಬಾಗಿಲಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಒಂದೇ ಒಂದು ಮಾತು ಹೇಳುತ್ತಿದ್ದರು.

“ಸಾಕು.”

ಗದರುತ್ತಿರಲಿಲ್ಲ. ಅಪ್ಪ ಜೀವಮಾನದಲ್ಲಿ ಗದರಿದವರಲ್ಲ. ತಲೆಗೆ ಹಚ್ಚಿದ ಸೀಗೆಪುಡಿ ಕಣ್ಣಿಗೆ ಇಳಿಯುತ್ತಿದ್ದರೂ ಆ ಮಾತು ಬಿದ್ದ ಮೇಲೆ ನಳ ತಿರುಗಿಸುವ ಧೈರ್ಯ ನಮಗೆ ಇರಲಿಲ್ಲ. ಅವ್ವ ಎಷ್ಟೋ ಸಲ ಸೆರಗಿನಿಂದ ಸೀಗೆಪುಡಿ ಒರೆಸಿಕೊಳ್ಳುತ್ತ ಹೊರಬಂದದ್ದು ನನಗೆ ನೆನಪಿದೆ. ಹಾಗೆ ಬಂದು ನೇರವಾಗಿ ಅಡುಗೆಮನೆಗೆ ಹೋಗುತ್ತಿದ್ದಳು. ದೂರುವುದು ಆಕೆಗೆ ಬರುತ್ತಿರಲಿಲ್ಲ, ಅಥವಾ ಬರುತ್ತಿತ್ತು, ಕೇಳುವವರು ಇರಲಿಲ್ಲ.

ಪುಣೆಯ ಕೋಥರೂಡದಲ್ಲಿ ನಮ್ಮದು ಹಳೇ ಕಟ್ಟಡದ ಕೊನೆಯ ಮಹಡಿಯ ಮನೆ. ನಮ್ಮ ತಲೆಯ ಮೇಲೇ ಗಚ್ಚಿ, ಅಂದರೆ ಬಯಲು ತಾರಸಿ. ಅಲ್ಲಿ ಸೂರ್ಯನ ಬಿಸಿಲಿಗೆ ನೀರು ಕಾಯಿಸುವ ಯಂತ್ರವನ್ನು ಅಪ್ಪ ಕೂಡಿಸಿದಾಗ ಇಡೀ ಓಣಿಯಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ಒಳಗೆ ಕಪ್ಪು ಬಳಿದ, ಮೇಲೆ ಗಾಜು ಹೊದಿಸಿದ ಎರಡು ಅಗಲವಾದ ಪೆಟ್ಟಿಗೆಗಳು ದಕ್ಷಿಣಕ್ಕೆ ಇಳಿಜಾರಾಗಿ ಕೂತಿದ್ದವು. ಅವುಗಳ ನೆತ್ತಿಯ ಮೇಲೆ ಬಿಳಿಯ ನೀರಿನ ಟಾಕಿ. ಅದು ಬಂದ ದಿನವೇ ಅಪ್ಪ ಬಚ್ಚಲಿನ ಗೀಜರನ್ನು ಬಿಚ್ಚಿ, ಹಳೇ ಧೋತರದಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಆಮೇಲೆ ಒಂದೊಂದೇ ವಸ್ತುವಿಗೆ ಗ್ರಹಚಾರ ಶುರುವಾಯಿತು. ಬಚ್ಚಲಿನ ಬಲ್ಬು ಹೋಯಿತು, ಅಲ್ಲಿ ಗವಾಕ್ಷಿ ಇತ್ತಲ್ಲ. ಪಂಖಾ ನೆಂಟರು ಬಂದಾಗ ಮಾತ್ರ ತಿರುಗುತ್ತಿತ್ತು. ಸಂಜೆ ನಡುಮನೆಯಲ್ಲಿ ಒಂದೇ ದೀಪ, ಅದರ ಕೆಳಗೆ ನನ್ನ ಪಾಠ, ಅವ್ವನ ಪಲ್ಯ ಹೆಚ್ಚುವುದು, ಅಪ್ಪನ ಪೇಪರು. ಅನ್ನ ಬೇಳೆಗಳು ಗಚ್ಚಿಯ ಮೇಲಿನ ಸೋಲಾರ್ ಕುಕ್ಕರಿನಲ್ಲಿ ಬೇಯುತ್ತಿದ್ದವು. ಮೋಡ ಕವಿದ ದಿನ ಬೇಯುತ್ತಿರಲಿಲ್ಲ, ಹಾಗೆಂದು ಗ್ಯಾಸಿನ ಮೇಲಿಡುವಂತೆಯೂ ಇರಲಿಲ್ಲ, ಎಸೆಯುವಂತೆಯೂ ಇರಲಿಲ್ಲ. ಹಲ್ಲಿಗೆ ಸಿಕ್ಕು ಕಟಗುಟ್ಟುವ ಬೇಳೆಯನ್ನು ಅಪ್ಪ ನಮ್ಮ ಜೊತೆ ಕೂತು ತಾವೂ ತಿನ್ನುತ್ತಿದ್ದರು. ಅದೇ ತೊಂದರೆ. ತಾವು ತಿನ್ನದೆ ನಮಗೆ ಮಾತ್ರ ತಿನ್ನಿಸಿದ್ದರೆ ಮನಸ್ಸಿನಲ್ಲಾದರೂ ಬೈಯಬಹುದಿತ್ತು.

ಅಪ್ಪ ಹೇಳುತ್ತಿದ್ದುದರಲ್ಲಿ ಸುಳ್ಳು ಇರಲಿಲ್ಲ. ಕಲ್ಲಿದ್ದಲು ಮುಗಿಯುತ್ತದೆ, ಊರುಗಳು ಹೊಗೆಯಿಂದ ತುಂಬುತ್ತವೆ, ಸೂರ್ಯನ ಕಡೆ ತಿರುಗದೆ ಗತಿಯಿಲ್ಲ ಎಂದು ಇವತ್ತು ಎಲ್ಲರೂ ಹೇಳುವುದನ್ನು ಅವರು ಆಗಲೇ ಹೇಳುತ್ತಿದ್ದರು. ಸ್ಕೂಟರಿನ ಮೇಲೆ ದೇಹೂ ರೋಡಿನ ಆಫೀಸಿಗೆ ಹೋಗಿ, ನಕ್ಷೆ ಬರೆದು ಬೆನ್ನು ಬಾಗಿಸಿಕೊಂಡು ಬಂದ ಮನುಷ್ಯ ಸಂಜೆ ಗಚ್ಚಿಗೆ ಹೋಗಿ ಆ ಗಾಜುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಅಷ್ಟು ಮೆತ್ತಗೆ ಅವರು ನನ್ನ ಮುಖ ಒರೆಸಿದ್ದಿಲ್ಲ. ಕೆಟ್ಟವರ ಕ್ರೌರ್ಯಕ್ಕೆ ಎದುರು ನಿಲ್ಲಬಹುದು. ಸರಿಯಾದವರ ಕ್ರೌರ್ಯಕ್ಕೆ ಏನು ಮಾಡುವುದು ಎಂದು ಎಂಟು ವರ್ಷದ ಹುಡುಗಿಗೆ ತಿಳಿಯುವುದಾದರೂ ಹೇಗೆ?

ರವಿವಾರ ಬೆಳಿಗ್ಗೆ ಬೇರೆ ಬೇರೆ ಕಟ್ಟಡಗಳ ಜನ ನಮ್ಮ ಸೋಲಾರ್ ನೋಡಲು ಬರುತ್ತಿದ್ದರು. ಆಗ ಅಪ್ಪನ ಮುಖ ನೋಡಬೇಕಿತ್ತು. ಬಚ್ಚಲಿನ ನಳವನ್ನು ಪೂರ್ತಿ ತಿರುಗಿಸಿ, ಹಬೆಯಾಡುವ ನೀರನ್ನು ಬಕೆಟ್ಟು ತುಂಬಿ ಹರಿದುಹೋಗುವಂತೆ ಬಿಟ್ಟು, ಒಬ್ಬೊಬ್ಬರ ಕೈಯನ್ನೂ ಹಿಡಿದು ನೀರಿಗೆ ಮುಟ್ಟಿಸುತ್ತಿದ್ದರು. “ಹಾತ ಲಾವೂನ ಬಘಾ,” ಮುಟ್ಟಿ ನೋಡಿ ಎನ್ನುತ್ತಿದ್ದರು. ಕೊನೆಗೆ ಪ್ರತಿ ಸಲ ಒಂದೇ ಮಾತು: “ಸೂರ್ಯಾಲಾ ಸಗಳೇ ಸಾರಖೇ.” ಸೂರ್ಯನಿಗೆ ಎಲ್ಲರೂ ಒಂದೇ. ತಲೆಗೆ ತಣ್ಣೀರು ಹಾಕಿಕೊಂಡು ಬಂದ ಅವ್ವ ಅಡುಗೆಮನೆಯಲ್ಲಿ ಅವರಿಗೆಲ್ಲ ಚಹಾ ಸೋಸುತ್ತ ಇದನ್ನು ಕೇಳಿಸಿಕೊಳ್ಳುತ್ತಿದ್ದಳು. ಮಂದಿಯ ಬೆರಳಿಗೆ ಸಿಕ್ಕಷ್ಟು ಬಿಸಿನೀರು ನನ್ನ ಅವ್ವನ ಮೈಗೆ ಸಿಗಲಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ, ಶ್ರಾವಣದಲ್ಲಿ ತಮ್ಮ ಹುಟ್ಟಿದ. ನಾನು ಹುಟ್ಟಿದಾಗ ಅವ್ವ ಧಾರವಾಡದ ತವರಿಗೆ ಹೋಗಿದ್ದಳಂತೆ. ಈ ಸಲ ಅಪ್ಪ ಕಳಿಸಲಿಲ್ಲ, ಹಾಗಾಗಿ ಅವ್ವನ ತಾಯಿಯೇ ಬಾಣಂತನ ಮಾಡಲು ಬಂದಳು. ಅಜ್ಜಿ ಎರಡು ಚೀಲ ತುಂಬ ಬಾಣಂತನವನ್ನೇ ಹೊತ್ತು ತಂದಿದ್ದಳು. ಅಂಟಿನ ಉಂಡಿ, ಅಳವಿ, ಬಜೆ, ಕೂಸಿನ ಮೈಗೆ ಧೂಪ ಹಾಕಲು ಲೋಬಾನ, ಹದ ಮಾಡಿದ ಹರಳೆಣ್ಣೆ. ಎಲ್ಲಾ ಇತ್ತು, ನೀರೊಂದು ಮಾತ್ರ ಇರಲಿಲ್ಲ. ನಮ್ಮ ಕಡೆ ಬಾಣಂತಿಗೆ ನೀರು ಹಾಕುವುದೆಂದರೆ ಅದು ಬರೀ ಸ್ನಾನವಲ್ಲ. ಮೈಗೆಲ್ಲ ಎಣ್ಣೆ ತಿಕ್ಕಿ, ಕೂಡಿಸಿ, ಸೊಂಟಕ್ಕೂ ಬೆನ್ನಿಗೂ ಸುಡುಸುಡು ನೀರನ್ನು ತಂಬಿಗೆಯಿಂದ ಬೀಸಿ ಬೀಸಿ ಹೊಯ್ಯಬೇಕು. ಹೆತ್ತು ಸಡಿಲಾದ ಮೈ ಹಾಗೆ ಮಾಡಿದರೇ ಗಟ್ಟಿಯಾಗುತ್ತದೆ ಎಂದು ಅಜ್ಜಿಯ ನಂಬಿಕೆ. ಹೊರಗೆ ಮಾತ್ರ ಜಿಟಿಜಿಟಿ ಮಳೆ. ಸೂರ್ಯ ಮುಖ ತೋರಿಸದೆ ವಾರವಾಗಿತ್ತು. ಮೊದಲ ದಿನ ಅಜ್ಜಿ ಗ್ಯಾಸಿನ ಮೇಲೆ ದೊಡ್ಡ ಪಾತೇಲಿಯಲ್ಲಿ ನೀರಿಟ್ಟಳು. ಅಪ್ಪ ಅಡುಗೆಮನೆಗೆ ಬಂದು ಒಲೆ ಆರಿಸಿದರು.

“ನೀರಿನ್ನೂ ಉಗುರುಬೆಚ್ಚಗ ಆಗಿಲ್ರಿ,” ಅಂದಳು ಅಜ್ಜಿ. ಅಳಿಯನ ಎದುರಿಗೆ ಆಕೆ ಬಾಗಿಲ ಮರೆಯಲ್ಲಿ ನಿಂತೇ ಮಾತಾಡುತ್ತಿದ್ದಳು.

“ಗ್ಯಾಸ್ ಇರೂದು ರೊಟ್ಟಿ ಪಲ್ಯಾಕ್ಕ, ಅತ್ತಿಯವರ. ನೀರಿಗೆ ಮ್ಯಾಲೆ ಸೋಲಾರ್ ಅದ.”

“ಬಿಸಲ ಇಲ್ಲಲ್ರಿ.”

“ಬಿಸಲ ಇಲ್ಲದಿದ್ರೂ ಕಾಯ್ತದ. ಸ್ವಲ್ಪ ಕಡಿಮಿ, ಅಷ್ಟ.”

“ಹಂಗಾರ ಮುಂಜಾನೆ ಮೊದಲಿನ ನೀರು ಬಾಣಂತಿಗೆ ಕೊಡ್ರಿ. ಒಂದ ಬಕೀಟ ಸಾಕು.”

“ನಾ ಆಫೀಸಿಗೆ ಹೋಗಬೇಕು,” ಅಂದರು ಅಪ್ಪ. ಅಲ್ಲಿಗೆ ಆ ಮಾತು ಮುಗಿಯಿತು. ಸರದಿ ಇದ್ದಂತೆಯೇ ಉಳಿಯಿತು.

ಅಜ್ಜಿಗೆ ಉಳಿದ ದಾರಿ ಒಂದೇ, ಸೂರ್ಯನನ್ನೇ ಕೇಳಿಕೊಳ್ಳುವುದು. ದಿನಾ ಬೆಳಿಗ್ಗೆ ಮಡಿಯುಟ್ಟು, ಮೊಣಕಾಲು ಹಿಡಿದುಕೊಂಡು ಗಚ್ಚಿ ಹತ್ತಿ, ಮೋಡದ ಕಡೆ ಮುಖ ಮಾಡಿ ಅರ್ಘ್ಯ ಬಿಡುತ್ತಿದ್ದಳು. ಆಮೇಲೆ ಅಪ್ಪನ ಗಾಜಿನ ಪೆಟ್ಟಿಗೆಗಳಿಗೂ ಒಂದು ಕೈ ಮುಗಿಯುತ್ತಿದ್ದಳು. ಅವು ಸೂರ್ಯನ ಮಣೆ ಎಂದು ಆಕೆಯ ಲೆಕ್ಕ. ಅಳಿಯ ಸೂರ್ಯನನ್ನು ಇಷ್ಟು ನಂಬುತ್ತಾನಲ್ಲ, ಮನುಷ್ಯ ಒಳಗೆ ಒಳ್ಳೆಯವನೇ ಇರಬೇಕು ಎಂದು ಅವ್ವನ ಹತ್ತಿರ ಅಂದದ್ದನ್ನು ನಾನು ಕೇಳಿದ್ದೇನೆ. ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಶನಿವಾರ ಸಂಜೆ ಅಪ್ಪ ಹೇಳಿದರು, ನಾಳೆ ನಾಲ್ಕು ಕಟ್ಟಡಗಳ ಸೊಸೈಟಿ ಚೇರಮನ್‌ಗಳು ಒಟ್ಟಿಗೆ ಬರುತ್ತಿದ್ದಾರೆ, ಅವರು ಒಪ್ಪಿದರೆ ಓಣಿಗೆ ಓಣಿಯೇ ಸೋಲಾರ್ ಹಾಕಿಸುತ್ತದೆ.

“ನಾಳೆ ಮಂದಿ ಬಂದು ಹೋಗೋತನಾ ಯಾರೂ ಬಿಸಿನೀರಿನ ನಳಾ ಮುಟ್ಟಬಾರದು.”

“ಬಾಣಂತಿಗೆ ನೀರು ಹಾಕಬೇಕಲ್ರಿ,” ಅಂದಳು ಅಜ್ಜಿ ಬಾಗಿಲ ಮರೆಯಿಂದ.

“ಒಂದಿನ ಹಾಕದಿದ್ರ ಏನೂ ಆಗೂದಿಲ್ಲ.”

ಮರುದಿನ ಬೆಳಿಗ್ಗೆ ಅಜ್ಜಿಯ ಅರ್ಘ್ಯ ಫಲಿಸಿತು. ಮೋಡ ಹರಿದು, ತೊಳೆದಿಟ್ಟಂಥ ಬಿಸಿಲು ಬಿತ್ತು. ಅಪ್ಪ ಎರಡು ಸಲ ಗಚ್ಚಿಗೆ ಹೋಗಿ ಆಕಾಶ ನೋಡಿ ಬಂದು, ಸೀಟಿ ಹಾಕುತ್ತ ದಾಡಿ ಮಾಡಿಕೊಂಡರು. ಅವರು ಸೀಟಿ ಹಾಕಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಆಮೇಲೆ ಇಸ್ತ್ರಿಯ ಅಂಗಿ ಹಾಕಿಕೊಂಡು ಚೇರಮನ್‌ಗಳನ್ನು ಕರೆದು ತರಲು ಹೋದರು. ಅದೇ ಹೊತ್ತಿಗೆ ಅಜ್ಜಿಗೆ ತನ್ನ ಒದ್ದೆ ಸೀರೆಯ ನೆನಪಾಯಿತು. ಮಡಿಯ ಸೀರೆ ಯಾರ ಕೈಯೂ, ಯಾರ ಬಟ್ಟೆಯೂ ತಾಗದ ಕಡೆ ಒಣಗಬೇಕು. ವಾರದಿಂದ ಆಕೆ ಹಸಿ ಸೀರೆಯನ್ನೇ ಉಟ್ಟು ಒಲೆಯ ಮುಂದೆ ನಿಲ್ಲುತ್ತಿದ್ದಳು. ಗಚ್ಚಿಯ ಹಗ್ಗಗಳ ಮೇಲೆ ಕಟ್ಟಡದವರೆಲ್ಲರ ಪ್ಯಾಂಟು, ಚಾದರ. ಆ ಗಾಜಿನ ಪೆಟ್ಟಿಗೆಗಳನ್ನು ಮಾತ್ರ ಯಾರೂ ಮುಟ್ಟಕೂಡದು ಎಂದು ಅಪ್ಪನೇ ಕಟ್ಟಪ್ಪಣೆ ಮಾಡಿದ್ದರು. ಅಗಲ, ಇಳಿಜಾರು, ಬೆಚ್ಚಗೆ, ಕನ್ನಡಿಯಂತೆ ಸ್ವಚ್ಛ. ಇದಕ್ಕಿಂತ ಮಡಿಯಾದ ಜಾಗ ಪುಣೆಯಲ್ಲಿ ಎಲ್ಲಿ ಸಿಗಬೇಕು? ಅಜ್ಜಿ ಒಂದು ಪೆಟ್ಟಿಗೆಯ ಮೇಲೆ ತನ್ನ ಕೆಂಪು ಸೀರೆಯನ್ನು ಮಡಿಕೆ ಮಾಡಿ ಹಾಸಿದಳು, ಇನ್ನೊಂದರ ಮೇಲೆ ಕೂಸಿನ ಅರಿವೆಗಳನ್ನು ಸಾಲಾಗಿ ಹರವಿದಳು. ನನ್ನನ್ನು ಕರೆದು ತೋರಿಸಿದಳು.

“ನೋಡ ತಂಗಿ, ಹೆಂಗ ಹೊಗಿ ಏಳ್ಲಿಕ್ಕೆ ಹತ್ತೇದ! ನಿಮ್ಮಪ್ಪ ಭಾಳ ಚೊಲೋ ವಸ್ತು ಮಾಡ್ಸ್ಯಾನ.”

ನಿಜವಾಗಿಯೂ ಸೀರೆಯಿಂದ ಹಬೆ ಏಳುತ್ತಿತ್ತು. ವಾರವಿಡೀ ಕಾದು ಬಂದ ಬಿಸಿಲನ್ನೆಲ್ಲ ಆ ಸೀರೆ ಕುಡಿಯುತ್ತಿತ್ತು. ಅದು ನನಗೂ ಹೊಳೆಯಲಿಲ್ಲ, ಅಜ್ಜಿಗಂತೂ ಹೊಳೆಯುವ ಮಾತೇ ಇರಲಿಲ್ಲ. ನಾವಿಬ್ಬರೂ ಖುಷಿಯಿಂದ ಕೆಳಗೆ ಬಂದೆವು.

ಊಟದ ಹೊತ್ತಿಗಿಂತ ಮುಂಚೆ ಅಪ್ಪ ನಾಲ್ಕು ಜನ ಗಂಡಸರೊಡನೆ ಬಂದರು. ಬಚ್ಚಲಿನ ಬಾಗಿಲಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಬಿಸಿಲು, ಕಲ್ಲಿದ್ದಲು, ದೇಶದ ಭವಿಷ್ಯ ಎಲ್ಲವನ್ನೂ ವಿವರಿಸಿ, ಪರದೆ ಸರಿಸುವವರಂತೆ ನಳ ತಿರುಗಿಸಿದರು. ನೀರು ಬಿತ್ತು. ಅಪ್ಪ ಮೊದಲನೆಯವರ ಕೈ ಹಿಡಿದು ನೀರಿಗೆ ಒಡ್ಡಿದರು. ಆತ ಕೈ ಹಿಂದೆ ತೆಗೆದುಕೊಂಡು ಒರೆಸಿಕೊಂಡ. ಇನ್ನು ಸ್ವಲ್ಪ ತಡೆಯಿರಿ, ಕೊಳವೆಯಲ್ಲಿ ನಿಂತ ನೀರು ಹೋಗಲಿ ಎಂದರು ಅಪ್ಪ. ಒಂದು ಬಕೆಟ್ಟು ತುಂಬಿ ಹರಿಯಿತು, ತಣ್ಣಗೇ ಹರಿಯಿತು. ಮೋಡವಿತ್ತಲ್ಲ ವಾರವೆಲ್ಲ, ಬಿಡಿ ಎಂದ ಒಬ್ಬ ಸಜ್ಜನ. ಇವತ್ತು ಬಿಸಿಲಿದೆ ಎಂದು ಅಪ್ಪ ಅವರನ್ನು ಗಚ್ಚಿಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಓಡಿದೆ. ಸೂರ್ಯ ನೆತ್ತಿಯ ಮೇಲಿದ್ದ. ಅವನ ಕೆಳಗೆ ಅಜ್ಜಿಯ ಕೆಂಪು ಸೀರೆ, ಪಕ್ಕದಲ್ಲಿ ಕೂಸಿನ ಪುಟ್ಟ ಪುಟ್ಟ ಲಂಗೋಟಿಗಳು.

ಆ ನಾಲ್ವರೂ ಪೆಟ್ಟಿಗೆಗಳ ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ಒಬ್ಬ ತಡೆಯಲಾರದೆ ನಕ್ಕ.

“ಆಂಘೋಳ ನಾಹೀ ತರ ನಾಹೀ, ಕಪಡೇ ತರೀ ವಾಳತಾತ!”

ಸ್ನಾನ ಆಗದಿದ್ದರೆ ಹೋಗಲಿ, ಬಟ್ಟೆಯಾದರೂ ಒಣಗುತ್ತವಲ್ಲ ಎಂದು ಅದರ ಅರ್ಥ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ಅವರ ಜೊತೆ ನಕ್ಕರು. ಹಲ್ಲು ಕಾಣುತ್ತಿದ್ದವು, ಕಿವಿಗಳು ಕೆಂಪಾಗಿದ್ದವು. ಅವರನ್ನು ಮೆಟ್ಟಿಲ ತನಕ ಬೀಳ್ಕೊಟ್ಟು, ಮತ್ತೆ ಗಚ್ಚಿಗೆ ಹೋಗಿ ಸೀರೆಯನ್ನು ತಾವೇ ತೆಗೆದು, ಅಂಚಿಗೆ ಅಂಚು ಕೂಡಿಸಿ, ಅಂಗಡಿಯವರಂತೆ ಅಚ್ಚುಕಟ್ಟಾಗಿ ಮಡಿಚಿದರು. ಚಪ್ಪಲಿ ಕಾಲಲ್ಲೇ ಇತ್ತು. ಕೆಳಗೆ ಬಂದು ಅದನ್ನು ಅಜ್ಜಿಯ ಮುಂದೆ ಹಿಡಿದರು. ಅವರ ಕೈ ತಾಗಿದ ಮೇಲೆ ಅದು ಮಡಿಯ ಸೀರೆಯಾಗಿ ಉಳಿದಿರಲಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಅತ್ತಿಯವರ, ನಿಮ್ಮ ಸೀರಿ ಒಣಗೇದ. ಚೀಲದಾಗ ಇಟ್ಕೊಳ್ರಿ. ಮಧ್ಯಾಹ್ನದ ಬಸ್ಸಿಗೆ ನಾನ ಬಿಟ್ಟ ಬರ್ತೇನಿ.”

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎಂದೂ ಮಾಡದ್ದನ್ನು ಮಾಡಿದಳು. ಬಾಗಿಲ ಮರೆಯಿಂದ ಹೊರಬಂದು ಅಳಿಯನ ಎದುರಿಗೆ ಕೈ ಜೋಡಿಸಿದಳು.

“ತಪ್ಪಾತ್ರಿ. ನನಗ ತಿಳೀಲಿಲ್ಲ. ಆಕೀದು ಇನ್ನೂ ಹಸಿ ಮೈ ಅದರೀ. ಬಾಣಂತನ ಮುಗಿಯೋತನಾ ಇರ್ತೇನಿ, ಆಮ್ಯಾಲೆ ನಿಮ್ಮ ಹೊಸ್ತಲಾ ತುಳಿಯೂದಿಲ್ಲ.”

“ಸೋಲಾರ್ ಅದ. ನೀರು ಆಕೀನ ಹಾಕ್ಕೋತಾಳ.”

ಒಳಗಿನ ಕೋಣೆಯಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿತ್ತು. ಅಪ್ಪನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಬಾಗಿಲ ಚೌಕಟ್ಟಿನ ಮೇಲೆ ಗೆಣ್ಣಿನಿಂದ ಎರಡು ಸಲ ಬಡಿದು, “ಸಾಕು,” ಅಂದರು. ಅವ್ವ ಬಾಯಿ ಮುಚ್ಚಿದಳು.

ಅಜ್ಜಿ ಸ್ಕೂಟರಿನ ಮೇಲೆ ಎಂದೂ ಕೂತವಳಲ್ಲ. ಮಡಿಲಲ್ಲಿ ಒಂದು ಚೀಲ ಹಿಡಿದು, ಒಂದು ಕೈಯಿಂದ ಸೀಟನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. ಇನ್ನೊಂದು ಚೀಲ, ಮುಂದೆ ನಿಂತಿದ್ದ ನನ್ನ ಕಾಲುಗಳ ನಡುವೆ. ಕಾತ್ರಜದ ಬಸ್ ಸ್ಟಾಪು ತಲುಪುವ ಹೊತ್ತಿಗೆ ಮತ್ತೆ ಮೋಡ ಕವಿದು ಹನಿ ಬೀಳತೊಡಗಿತ್ತು. ಧಾರವಾಡದ ಬಸ್ಸು ಹೊರಡುವುದರಲ್ಲಿತ್ತು. ಅಪ್ಪ ಕಂಡಕ್ಟರನಿಗೆ ಹೇಳಿ ಕಿಟಕಿಯ ಪಕ್ಕದ ಸೀಟು ಕೊಡಿಸಿದರು, ಚೀಲಗಳನ್ನು ತಾವೇ ಏರಿಸಿದರು, ದಾರಿಯ ಖರ್ಚಿಗೆಂದು ಕೈಯಲ್ಲಿ ನೋಟು ಇಟ್ಟರು. ನೋಡಿದವರು ಎಂಥ ಅಳಿಯ ಎಂದು ಮೆಚ್ಚಿಕೊಳ್ಳಬೇಕು. ಅಜ್ಜಿ ಕಿಟಕಿಯಿಂದ ಬಗ್ಗಿ ನನಗೆ ಹೇಳಿದಳು:

“ನಿಮ್ಮವ್ವಗ ಹೇಳು ತಂಗಿ, ಬೆನ್ನಿಗೆ ಬಿಸಿನೀರು ತಪ್ಪಸಬ್ಯಾಡ ಅಂತ. ಏನರೆ ಮಾಡಿ...”

ಬಸ್ಸು ಹೊರಟಿತು. ಆ ಮಾತನ್ನು ನಾನು ಮನೆಗೆ ಬಂದು ಅವ್ವನಿಗೆ ಹೇಳಿದೆ. ಆಕೆ ಮರುದಿನ ಬೆಳಿಗ್ಗೆ, ನನಗೆ ಗೊತ್ತಿರುವಂತೆ ಜೀವನದಲ್ಲಿ ಮೊದಲನೆಯ ಮತ್ತು ಕೊನೆಯ ಸಲ, ಅಪ್ಪನನ್ನು ಬಾಯಿಬಿಟ್ಟು ಕೇಳಿದಳು.

“ನನಗ ಒಂದ ಬಕೀಟ ಬಿಸಿನೀರು ಬೇಕಾಗಿತ್ರಿ.”

“ನಿನ್ನ ಸರದಿ ಬಂದಾಗ ತಗೋ.”

ಸರದಿ ಬಂದಾಗ ಏನು ಬರುತ್ತಿತ್ತೋ ಅದನ್ನೇ ಅವ್ವ ಆ ಶ್ರಾವಣವಿಡೀ ಬೆನ್ನಿಗೆ ಹೊಯ್ದುಕೊಂಡಳು. ಹಲ್ಲು ಕಟಕಟ ಎನ್ನುವುದು ಬಾಗಿಲ ಹೊರಗೆ ನನಗೆ ಕೇಳಿಸುತ್ತಿತ್ತು. ನನಗೆ ಕೇಳಿಸಿದ್ದು ಅಪ್ಪನಿಗೂ ಕೇಳಿಸುತ್ತಿತ್ತು. ಅಂದು ಹಿಡಿದ ಬೆನ್ನು ಇಂದಿಗೂ ಬಿಟ್ಟಿಲ್ಲ ಎನ್ನುತ್ತಾಳೆ ಆಕೆ. ತಣ್ಣೀರಿನಿಂದ ಹಾಗೆಲ್ಲ ಆಗುವುದಿಲ್ಲ ಎಂದು ಡಾಕ್ಟರರು ನಗುತ್ತಾರೆ, ಅವ್ವ ನಗುವುದಿಲ್ಲ. ಮಡಿ ಕೆಟ್ಟ ಸೀರೆಯನ್ನು ಅಜ್ಜಿ ನಮ್ಮಲ್ಲೇ ಬಿಟ್ಟುಹೋಗಿದ್ದಳು. ಅವ್ವ ಅದನ್ನು ಹರಿದು ತಮ್ಮನಿಗೆ ಹೊದಿಸಿದಳು. ಅಜ್ಜಿ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಆಕೆ ಸತ್ತ ಸುದ್ದಿ ಬಂದಾಗ ಅವ್ವ ಹೊರಟು ಧಾರವಾಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಷ್ಟಾದರೂ ಗಂಡನ ಜೊತೆ ಆಕೆ ಒಂದು ದಿನ ಮಾತು ಬಿಟ್ಟವಳಲ್ಲ. ಪಲ್ಯ ಏನು ಮಾಡಲಿ, ಛತ್ರಿ ತಗೊಂಡಿರೇನು ಎಂದು ಎಂದಿನಂತೆ ಕೇಳುತ್ತಿದ್ದಳು. ನನಗೆ ಹೆದರಿಕೆಯಾಗುತ್ತಿದ್ದುದು ಅದಕ್ಕೇ.

ನಾನು ಇಬ್ಬರ ಮಗಳೂ ಹೌದು. ರಾಂಜಣಗಾಂವದ ಒಂದು ಕಾರಖಾನೆಯಲ್ಲಿ ಕರೆಂಟು ಉಳಿಸುವುದೇ ನನ್ನ ಕೆಲಸ. ಖಾಲಿ ಕೋಣೆಯಲ್ಲಿ ಪಂಖಾ ತಿರುಗುತ್ತಿದ್ದರೆ ನನ್ನ ಮೈ ಉರಿಯುತ್ತದೆ, ನನ್ನ ಕೈಕೆಳಗಿನವರು ನನ್ನನ್ನು ಕಂಡರೆ ಸ್ವಿಚ್ಚು ಹುಡುಕುತ್ತಾರೆ. ಇದು ಅಪ್ಪ ಕೊಟ್ಟದ್ದು, ಇದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಆದರೆ ನನ್ನ ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡರೆ ಟಾಕಿಯ ಬಿಸಿನೀರು ಮುಗಿಯುವ ತನಕ ಹೊರಗೆ ಬರುವುದಿಲ್ಲ. ಗಂಡ ಪಾಪದವನು, ಒಂದು ಸಲವೂ ಬಾಗಿಲು ಬಡಿದಿಲ್ಲ. ಬಡಿದಿದ್ದರೆ ಅವನ ಜೊತೆ ನಾನು ಇರುತ್ತಿರಲಿಲ್ಲ.

ಅಪ್ಪನಿಗೆ ಲಕ್ವಾ ಹೊಡೆದು ಈಗ ಎರಡು ವರ್ಷ. ಬಲಭಾಗ ಬಿದ್ದುಹೋಗಿದೆ, ಮಾತೂ ಹೋಯಿತು. ಒಂದೇ ಒಂದು ಶಬ್ದ ಉಳಿದಿದೆ. ಇಂಥ ರೋಗಿಗಳಿಗೆ ಕೆಲವು ಸಲ ಹಾಗೆ ಒಂದು ಶಬ್ದ ಉಳಿಯುತ್ತದೆ, ಹೇಳಬೇಕೆಂದದ್ದಕ್ಕೆಲ್ಲ ಅದೇ ಬರುತ್ತದೆ ಎಂದು ಡಾಕ್ಟರರು ಹೇಳಿದರು. ಹಸಿವಾದರೆ, ನೊಂದರೆ, ಸೊಳ್ಳೆ ಕಚ್ಚಿದರೆ, ಮೊಮ್ಮಕ್ಕಳು ಬಂದರೆ, ಅಪ್ಪ ಹೇಳುವುದು ಒಂದೇ: ಸಾಕು. ಅವ್ವ ಅದೇ ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಾಳೆ. ಊಟ, ಔಷಧಿ, ಹಾಸಿಗೆ ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತದೆ, ನೋಡಿದವರು ಎಂಥ ಹೆಂಡತಿ ಎಂದು ಮೆಚ್ಚಿಕೊಳ್ಳುತ್ತಾರೆ. ನನ್ನ ತಮ್ಮ ಬಚ್ಚಲಿಗೆ ಹೊಸ ಗೀಜರ್ ಹಾಕಿಸಿಕೊಟ್ಟಿದ್ದಾನೆ. ಗಚ್ಚಿಯ ತುಂಬ ಈಗ ಕರೆಂಟು ಮಾಡುವ ಫಲಕಗಳೂ ಬಂದಿವೆ. ಗೀಜರ್ ಎಷ್ಟು ಹೊತ್ತು ಉರಿದರೂ ಈಗ ಯಾರದ್ದೂ ಏನೂ ಹೋಗುವುದಿಲ್ಲ.

ಈ ಸಲದ ಶ್ರಾವಣದಲ್ಲಿ, ಮಳೆ ಹಿಡಿದಿದ್ದ ಒಂದು ರವಿವಾರ, ಅಪ್ಪನಿಗೆ ಸ್ನಾನ ಮಾಡಿಸಲು ಕೈಜೋಡಿಸೋಣವೆಂದು ಹೋದೆ. ಅವ್ವ ಅಪ್ಪನ ಗಾಲಿಕುರ್ಚಿಯನ್ನು ಬಚ್ಚಲಿನ ಎದುರಿಗೆ, ಗೀಜರಿನ ಸ್ವಿಚ್ಚು ಕಾಣುವಂತೆ ತಂದು ನಿಲ್ಲಿಸಿದ್ದಳು. ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಅವ್ವ ಸ್ನಾನ ಮಾಡುತ್ತಿದ್ದಳು. ನೀರು ಬೀಳುವ ಸದ್ದು ನಿಲ್ಲುವ ಲಕ್ಷಣವೇ ಇರಲಿಲ್ಲ. ಅಪ್ಪ ದೀಪವನ್ನೇ ನೋಡುತ್ತ, ಎಡಗೈಯ ಬೆರಳ ಗೆಣ್ಣನ್ನು ಕುರ್ಚಿಯ ತೋಳಿಗೆ ಬಡಿಯುತ್ತಿದ್ದರು. ಕೊನೆಗೆ ಬಾಗಿಲು ತೆರೆದು, ಹಬೆಯ ನಡುವಿನಿಂದ ಅವ್ವ ಕೆಂಪಾದ ಮುಖ ಹೊತ್ತು ಬಂದಳು.

“ನೀನೂ ಹೋಗಿ ಬಾ. ಇನ್ನೂ ಬಿಸಿ ಅದ.”

“ಅಪ್ಪಂದು ಆಗಲಿ ಅವ್ವಾ, ಆಮ್ಯಾಲೆ...”

“ಸರದಿ ಅಂದ್ರ ಸರದಿ. ನಿಂದಾದ ಮ್ಯಾಲೆ ಅವರು.”

ನಾನು ಹೋದೆ, ಬಿಸಿನೀರಿನಲ್ಲಿ ಸ್ನಾನ ಮಾಡಿದೆ. ಹೊರಗೆ ಬಂದಾಗ ಅವ್ವ ಅಪ್ಪನಿಗೆ ಕಾಣುವಂತೆ ಸ್ವಿಚ್ಚು ಆರಿಸಿದಳು. ಇಬ್ಬರೂ ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿದೆವು. ಅಂಗಿ ತೆಗೆದೆವು. ಬೆನ್ನು ಮಗುವಿನದರಂತೆ ಬೆಳ್ಳಗಾಗಿತ್ತು. ಅವ್ವ ಗಚ್ಚಿಯ ಸೋಲಾರ್ ಟಾಕಿಯ ನಳ ತಿರುಗಿಸಿ ಬಕೆಟ್ಟು ತುಂಬಿಸಿದಳು. ನಾನು ಕೈ ಅದ್ದಿ ನೋಡಿದೆ, ಮಳೆಯ ನೀರಿನಷ್ಟು ತಣ್ಣಗಿತ್ತು. ಗೀಜರಿನ ಕಡೆ ಕೈ ಚಾಚಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

“ಬ್ಯಾಡ. ಅದು ಹಚ್ಚಿದ್ರ ಅವ್ರ ಜೀವಕ್ಕ ತ್ರಾಸ ಆಗ್ತದ. ಮ್ಯಾಲೆ ಸೋಲಾರ್ ಅದ.”

ಮೊದಲ ತಂಬಿಗೆ ಬೆನ್ನಿನ ಮೇಲೆ ಬಿತ್ತು. ಅಪ್ಪನ ಮೈ ಇಡಿಯಾಗಿ ನಡುಗಿತು.

“ಸಾಕು.”

“ಈಗ ಸುರು ಆಗೇದರೀ.” ಅವ್ವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಪಲ್ಯ ಏನು ಮಾಡಲಿ ಎಂದು ಕೇಳುವ ದನಿಯೇ ಅದು. ಎರಡನೆಯ ತಂಬಿಗೆಯನ್ನು ಸೊಂಟಕ್ಕೆ, ಅಜ್ಜಿ ಬೀಸುತ್ತಿದ್ದ ಹಾಗೆಯೇ ಬೀಸಿ ಹೊಯ್ದಳು.

“ಸಾಕು, ಸಾಕು.” ಅಪ್ಪ ನನ್ನ ಕಡೆ ತಿರುಗಿದರು. ಅವರ ಹಲ್ಲು ಕಟಕಟ ಎನ್ನುತ್ತಿದ್ದವು.

“ಸೂರ್ಯಾಗ ಎಲ್ಲಾರೂ ಒಂದ ಅಂತ ನೀವ ಹೇಳ್ತಿದ್ರಲ್ಲಾ,” ಅನ್ನುತ್ತ ಅವ್ವ ತಂಬಿಗೆಯನ್ನು ಮತ್ತೆ ತುಂಬಿಸಿಕೊಂಡಳು.

ಸ್ವಿಚ್ಚು ನನ್ನ ಹೆಗಲ ಪಕ್ಕದಲ್ಲೇ ಇತ್ತು. ಬಕೆಟ್ಟು ಖಾಲಿಯಾಗುವ ತನಕ ನಾನು ಟವೆಲ್ಲು ಹಿಡಿದುಕೊಂಡು ನಿಂತಿದ್ದೆ.